ಪಕ್ಕದೂರಿನ ದರ ತೋರಿಸಿ ನಮ್ಮ ಜೇಬಿಗೆ ಕೈ

2025ರ ಏಪ್ರಿಲ್ 1ರಂದು ಕರ್ನಾಟಕ ಸರಕಾರವು ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 18.44ರಿಂದ ಶೇ. 21.17ಕ್ಕೆ ಏರಿಸಿತು. ಬೆಂಗಳೂರಿನ ಬಂಕುಗಳಲ್ಲಿ ಲೀಟರಿಗೆ ಎರಡು ರೂಪಾಯಿ ಹೆಚ್ಚಾಗಿ ದರ 91 ರೂಪಾಯಿ 2 ಪೈಸೆಗೆ ಬಂದು ನಿಂತಿತು. ಅದೇ ದಿನ ನಂದಿನಿ ಹಾಲಿಗೂ ನಾಲ್ಕು ರೂಪಾಯಿ ಏರಿದ್ದರಿಂದ ಜನರ ಸಿಟ್ಟು ಎರಡು ಕಡೆಗೆ ಹಂಚಿಹೋಯಿತು. ಆದರೆ ಸರಕಾರ ಕೊಟ್ಟ ಸಮಜಾಯಿಷಿಯನ್ನು ನಾವು ಮರೆಯಲಾರೆವು. ಏರಿಸಿದ ಮೇಲೂ ನಮ್ಮ ದರ ನೆರೆಯವರಿಗಿಂತ ಕಡಿಮೆಯೇ ಇದೆ ಎಂದು ಅದು ಒಂದು ಪಟ್ಟಿಯನ್ನೇ ಮುಂದಿಟ್ಟಿತು. ಹೊಸೂರಿನಲ್ಲಿ 94.42, ಕಾಸರಗೋಡಿನಲ್ಲಿ 95.66, ಹೈದರಾಬಾದಿನಲ್ಲಿ 95.70, ಅನಂತಪುರದಲ್ಲಿ 97.35, ಮಹಾರಾಷ್ಟ್ರದ ಕಾಗಲ್‌ನಲ್ಲಿ 91.07.

ಪಟ್ಟಿಯ ಕೊನೆಯ ಹೆಸರನ್ನು ಗಮನಿಸಿ. ಕಾಗಲ್‌ಗೂ ಬೆಂಗಳೂರಿಗೂ ಇದ್ದ ವ್ಯತ್ಯಾಸ ಐದು ಪೈಸೆ. ಐದು ಪೈಸೆಯ ನಾಣ್ಯವನ್ನು 2011ರಲ್ಲೇ ಚಲಾವಣೆಯಿಂದ ತೆಗೆದುಹಾಕಿದ್ದಾರೆ, ಆದರೆ ಸರಕಾರದ ಸಮರ್ಥನೆಯಲ್ಲಿ ಅದಕ್ಕೆ ಇನ್ನೂ ಬೆಲೆ ಇದೆ! ನಾವು ಓದಿದ ಆ ಪಟ್ಟಿಯಲ್ಲಿ ಗೋವಾ ಇರಲಿಲ್ಲ. ಗೋವಾವೂ ನಮ್ಮ ನೆರೆಯ ರಾಜ್ಯವೇ. ಅಲ್ಲಿ ಡೀಸೆಲ್ ನಮ್ಮದಕ್ಕಿಂತ ಅಗ್ಗವಾಗಿತ್ತು. ದಿಲ್ಲಿಯಲ್ಲೂ ಅಗ್ಗವಾಗಿತ್ತು. ತನಗೆ ಬೇಕಾದ ನೆರೆಹೊರೆಯವರನ್ನು ಮಾತ್ರ ಆರಿಸಿಕೊಂಡು ‘ಅವರ ಮನೆಯಲ್ಲಿ ಇದಕ್ಕಿಂತ ಕಷ್ಟವಿದೆ’ ಎಂದು ಮಕ್ಕಳಿಗೆ ಹೇಳುವ ತಂದೆಯ ಹಾಗೆ ಸರಕಾರ ಮಾತಾಡಿತು.

ಇದು ಮೊದಲ ಸಲವೂ ಅಲ್ಲ. 2024ರ ಜೂನ್ 15ರಂದು ಇದೇ ಸರಕಾರ ಪೆಟ್ರೋಲ್ ಮತ್ತು ಡೀಸೆಲ್ ಎರಡಕ್ಕೂ ಲೀಟರಿಗೆ ಮೂರು ರೂಪಾಯಿಯಷ್ಟು ಏರಿಸಿದಾಗಲೂ ದಕ್ಷಿಣದ ರಾಜ್ಯಗಳ ಮತ್ತು ಮಹಾರಾಷ್ಟ್ರದ ದರಗಳನ್ನೇ ತೋರಿಸಿತ್ತು. ಹತ್ತು ತಿಂಗಳೊಳಗೆ ಬೆಂಗಳೂರಿನ ಡೀಸೆಲ್ 85.93ರಿಂದ 91.02ಕ್ಕೆ ಏರಿತು. ಈ ತರ್ಕಕ್ಕೆ ಕೊನೆ ಎಲ್ಲಿ? ನಮ್ಮವರು ಕೇರಳವನ್ನು ತೋರಿಸಿ ಏರಿಸುತ್ತಾರೆ. ನಾಳೆ ಗೋವಾದವರು ನಮ್ಮನ್ನು ತೋರಿಸಿ ಏರಿಸಬಹುದು. ಎಲ್ಲರೂ ತಮಗಿಂತ ಒಂದು ಮೆಟ್ಟಿಲು ಮೇಲಿರುವವನ ಕಡೆಗೆ ಬೆರಳು ತೋರಿಸುತ್ತಾ ಏಣಿ ಹತ್ತುವ ಈ ಆಟದಲ್ಲಿ ಕೆಳಗೆ ನಿಂತು ಏಣಿ ಹಿಡಿದುಕೊಂಡಿರುವವರು ಯಾರೆಂಬುದನ್ನು ಯಾರೂ ಕೇಳುವುದಿಲ್ಲ.

ಇನ್ನೊಂದು ವಿಷಯ ನೆನಪಿಸಿಕೊಳ್ಳಬೇಕು. 2025ರ ಜನವರಿ 5ರಿಂದ ರಾಜ್ಯದ ಸಾರಿಗೆ ಬಸ್ಸುಗಳ ಟಿಕೆಟ್ ದರ ಶೇ. 15ರಷ್ಟು ಏರಿತು. ಆಗ ಸರಕಾರ ಕೊಟ್ಟ ಮುಖ್ಯ ಕಾರಣಗಳಲ್ಲಿ ಒಂದು ಡೀಸೆಲ್. ನಾಲ್ಕು ನಿಗಮಗಳ ದಿನದ ಡೀಸೆಲ್ ಖರ್ಚು ಹತ್ತು ವರ್ಷಗಳ ಹಿಂದೆ 9.16 ಕೋಟಿ ಇದ್ದದ್ದು 13.21 ಕೋಟಿಗೆ ಏರಿದೆ ಎಂದು ಲೆಕ್ಕ ಒಪ್ಪಿಸಿದ್ದರು. ಡೀಸೆಲ್ ದುಬಾರಿಯಾಗಿದೆ ಎಂದು ಜನವರಿಯಲ್ಲಿ ಕಣ್ಣೀರು ಹಾಕಿದ ಸರಕಾರವೇ ಏಪ್ರಿಲ್‌ನಲ್ಲಿ ಡೀಸೆಲನ್ನು ಇನ್ನಷ್ಟು ದುಬಾರಿ ಮಾಡಿತು! ನಾವು ಕತೆ ಬರೆಯುವವರು. ಇಂಥ ಪಾತ್ರವೊಂದನ್ನು ಕತೆಯಲ್ಲಿ ತಂದರೆ ಸಂಪಾದಕರು ‘ಇದು ನಂಬುವ ಹಾಗಿಲ್ಲ’ ಎಂದು ಹಸ್ತಪ್ರತಿಯನ್ನು ಹಿಂದಕ್ಕೆ ಕಳಿಸುತ್ತಿದ್ದರು.

ಇಷ್ಟು ಓದಿ ದಿಲ್ಲಿಯ ಆಳುವ ಪಕ್ಷದ ಅಭಿಮಾನಿಗಳು ಖುಷಿಪಡುವುದು ಬೇಡ. ರಾಜ್ಯದ ಬೆಲೆಯೇರಿಕೆಯ ವಿರುದ್ಧ ಅವರು ‘ಜನಾಕ್ರೋಶ’ ಯಾತ್ರೆ ಹೊರಟ ವಾರದಲ್ಲೇ ಕೇಂದ್ರ ಸರಕಾರ ಪೆಟ್ರೋಲ್, ಡೀಸೆಲ್‌ಗಳ ಮೇಲಿನ ಅಬಕಾರಿ ಸುಂಕವನ್ನು ಲೀಟರಿಗೆ ಎರಡು ರೂಪಾಯಿ ಏರಿಸಿತು. ಜತೆಗೆ ಅಡುಗೆ ಅನಿಲದ ಸಿಲಿಂಡರಿಗೆ ಐವತ್ತು ರೂಪಾಯಿ. ಸುಂಕದ ಹೊರೆಯನ್ನು ತೈಲ ಕಂಪೆನಿಗಳೇ ಹೊರುತ್ತವೆ, ಬಂಕಿನ ದರ ಏರುವುದಿಲ್ಲ ಎಂದರು. ಕಚ್ಚಾ ತೈಲದ ಬೆಲೆ ಜಗತ್ತಿನಲ್ಲಿ ಕುಸಿಯುತ್ತಿದ್ದ ವಾರವದು. ಅಂದರೆ ನಮಗೆ ಇಳಿಯಬೇಕಾಗಿದ್ದ ಎರಡು ರೂಪಾಯಿಯನ್ನು ದಾರಿಯಲ್ಲೇ ತಡೆದು ನಿಲ್ಲಿಸಿದರು ಎಂದರ್ಥ. (ಅಬಕಾರಿ ಎಂಬುದು ಪಾರಸಿಯಿಂದ ಬಂದ ಪದ, ಮೂಲದಲ್ಲಿ ಮದ್ಯ ತಯಾರಿಸುವ ಕಸುಬಿಗೆ ಹೇಳುವ ಮಾತು. ಡೀಸೆಲ್‌ನ ಸುಂಕಕ್ಕೆ ಆ ಹೆಸರು ಬಂದದ್ದು ಅಷ್ಟೇನೂ ತಪ್ಪಲ್ಲ, ಈ ಆದಾಯದ ಅಮಲು ಯಾವ ಸರಕಾರಕ್ಕೂ ಇಳಿದಿಲ್ಲ.)

ಕೇಂದ್ರದ ಚರಿತ್ರೆ ಇನ್ನೂ ದೊಡ್ಡದು. 2014ರ ನವೆಂಬರ್‌ನಿಂದ 2016ರ ಜನವರಿಯ ನಡುವೆ ಕಚ್ಚಾ ತೈಲ ಪಾತಾಳಕ್ಕೆ ಇಳಿದಾಗ ಒಂಬತ್ತು ಬಾರಿ ಸುಂಕ ಏರಿಸಿ ಡೀಸೆಲ್ ಮೇಲೆ 13 ರೂಪಾಯಿಗೂ ಹೆಚ್ಚು ಹೇರಿದರು. 2020ರ ಮೇ ತಿಂಗಳಲ್ಲಿ, ಜನ ಲಾಕ್‌ಡೌನಿನಲ್ಲಿ ಮನೆಯೊಳಗೆ ಬಿದ್ದಿದ್ದಾಗ, ಒಂದೇ ರಾತ್ರಿ ಪೆಟ್ರೋಲಿಗೆ 10 ಮತ್ತು ಡೀಸೆಲಿಗೆ 13 ರೂಪಾಯಿ ಏರಿಸಿದರು. ನೆನಪಿರಲಿ, ಪೆಟ್ರೋಲಿಗಿಂತ ಡೀಸೆಲಿಗೆ ಮೂರು ರೂಪಾಯಿ ಹೆಚ್ಚು. ಕಾರಿನವನಿಗಿಂತ ಲಾರಿಯವನ ಮೇಲೆ ಹೆಚ್ಚು. 2021ರ ನವೆಂಬರ್ ಮತ್ತು 2022ರ ಮೇ ತಿಂಗಳಲ್ಲಿ ಸ್ವಲ್ಪ ಇಳಿಸಿದ್ದೂ ನಿಜ. ಉತ್ತರಪ್ರದೇಶ ಮೊದಲಾದ ಐದು ರಾಜ್ಯಗಳ ಚುನಾವಣೆ ಮುಗಿಯುವ ತನಕ 137 ದಿನ ಅಲುಗಾಡದೆ ನಿಂತಿದ್ದ ‘ದಿನನಿತ್ಯ ಬದಲಾಗುವ ದರ’, ಫಲಿತಾಂಶ ಬಂದ ಹನ್ನೆರಡು ದಿನಗಳಿಗೆ, 2022ರ ಮಾರ್ಚ್ 22ರಂದು ಎಚ್ಚೆತ್ತು, ಎರಡೇ ವಾರದಲ್ಲಿ ಹತ್ತು ರೂಪಾಯಿ ಏರಿದ್ದೂ ನಿಜ.

ಈ ಸುಂಕದ ಒಳಗುಟ್ಟೊಂದಿದೆ. ಕೇಂದ್ರ ಸಂಗ್ರಹಿಸುವ ತೆರಿಗೆಯಲ್ಲಿ ರಾಜ್ಯಗಳಿಗೆ ಪಾಲು ಕೊಡಬೇಕೆಂಬ ನಿಯಮವಿದೆ, ಆದರೆ ಸೆಸ್ ಮತ್ತು ವಿಶೇಷ ಹೆಚ್ಚುವರಿ ಸುಂಕ ಎಂಬ ಹೆಸರಿನಲ್ಲಿ ತೆಗೆದುಕೊಂಡದ್ದಕ್ಕೆ ಪಾಲು ಕೊಡಬೇಕಾಗಿಲ್ಲ. 2022ರ ಮೇ ತಿಂಗಳಿನಿಂದ 2025ರ ಏಪ್ರಿಲ್ ತನಕ ಒಂದು ಲೀಟರ್ ಡೀಸೆಲ್ ಮೇಲೆ ಕೇಂದ್ರ ಪಡೆದದ್ದು 15 ರೂಪಾಯಿ 80 ಪೈಸೆ. ಅದರಲ್ಲಿ ಪಾಲು ಮಾಡಬೇಕಾದ ಮೂಲ ಸುಂಕ 1 ರೂಪಾಯಿ 80 ಪೈಸೆ ಮಾತ್ರ. ಹದಿನೈದನೇ ಹಣಕಾಸು ಆಯೋಗದ ಪ್ರಕಾರ ಅದರ ಶೇ. 41 ಎಲ್ಲ ರಾಜ್ಯಗಳದ್ದು, ಸುಮಾರು 74 ಪೈಸೆ. ಆ 74 ಪೈಸೆಯಲ್ಲಿ ಕರ್ನಾಟಕದ ಪಾಲು ಆಗ ಶೇ. 3.647 ಇತ್ತು. ಓದುಗರು ಬೇಕಾದರೆ ಕಾಗದ ಪೆನ್ನು ಹಿಡಿದು ಗುಣಿಸಿ ನೋಡಲಿ. ದೇಶದಲ್ಲಿ ಮಾರಾಟವಾದ ಪ್ರತಿ ಲೀಟರ್ ಡೀಸೆಲ್‌ನ ಹದಿನೈದು ರೂಪಾಯಿ ಎಂಬತ್ತು ಪೈಸೆಯಲ್ಲಿ ನಮ್ಮ ರಾಜ್ಯಕ್ಕೆ ಪಾಲಾಗಿ ಬರುತ್ತಿದ್ದದ್ದು ಮೂರು ಪೈಸೆಗಿಂತಲೂ ಕಡಿಮೆ!

ಹಾಗಾಗಿ ರಾಜ್ಯಗಳ ಕಷ್ಟ ನಮಗೆ ಅರ್ಥವಾಗುವುದಿಲ್ಲ ಎಂದಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ರಾಜ್ಯ ಸರಕಾರಗಳ ಕೈಯಲ್ಲಿ ಸ್ವಂತಕ್ಕೆಂದು ಉಳಿದದ್ದು ಕೆಲವೇ ಬಾಬತ್ತುಗಳು. ಇಂಧನ, ಮದ್ಯ, ಮುದ್ರಾಂಕ, ವಾಹನ ತೆರಿಗೆ. 2022ರ ಜೂನಿನಲ್ಲಿ ಜಿಎಸ್‌ಟಿ ನಷ್ಟ ಪರಿಹಾರದ ಅವಧಿಯೂ ಮುಗಿಯಿತು. ಹಣ ಬೇಕಾದಾಗಲೆಲ್ಲ ಬಂಕಿನ ಕಡೆಗೆ ಕೈ ಚಾಚುವುದು ಅಭ್ಯಾಸವಾಗಿ ಹೋಯಿತು. ಪೆಟ್ರೋಲ್, ಡೀಸೆಲನ್ನು ಜಿಎಸ್‌ಟಿಗೆ ತರುವ ಪ್ರಶ್ನೆ ಕೇರಳ ಹೈಕೋರ್ಟಿನ ಸೂಚನೆಯ ಮೇರೆಗೆ 2021ರ ಸೆಪ್ಟೆಂಬರ್ 17ರಂದು ಲಕ್ನೋದಲ್ಲಿ ನಡೆದ ಜಿಎಸ್‌ಟಿ ಮಂಡಳಿಯ ಸಭೆಗೆ ಬಂದಾಗ ಎಡ ಬಲ ಎಂಬ ಭೇದವಿಲ್ಲದೆ ರಾಜ್ಯಗಳು ಬೇಡವೆಂದವು. ಕೇಂದ್ರವೂ ‘ಇದು ಸಮಯವಲ್ಲ’ ಎಂದು ಫೈಲು ಮುಚ್ಚಿತು. ನಮ್ಮ ದೇಶದ ಪಕ್ಷಗಳು ಒಮ್ಮತಕ್ಕೆ ಬರುವುದಿಲ್ಲ ಎಂದು ದೂರುವವರು ಆ ದಿನವನ್ನು ನೆನೆಯಬೇಕು.

ಹಾಗಾದರೆ ಊರಿಂದೂರಿಗೆ ದರ ಬೇರೆಯಾಗುವುದು ಸಾಗಣೆ ವೆಚ್ಚದಿಂದಲ್ಲವೇ ಎಂದು ಕೆಲವರು ಕೇಳುತ್ತಾರೆ. ಒಂದಿಷ್ಟು ಅದೂ ಇದೆ. ಸುರತ್ಕಲ್ ಬಳಿಯ ಎಂಆರ್‌ಪಿಎಲ್‌ನಿಂದ ಹಾಸನದ ಮೂಲಕ ಬೆಂಗಳೂರಿಗೆ ಕೊಳವೆ ಮಾರ್ಗವಿದೆ. ಕೊಳವೆ ಹೋಗದ ಕಡೆಗೆ ಟ್ಯಾಂಕರ್ ಹೋಗಬೇಕು. ಹಾಗಾಗಿಯೇ 2021ರ ಜೂನ್‌ನಲ್ಲಿ ಬೆಂಗಳೂರಿಗಿಂತ ಮೊದಲೇ ಶಿರಸಿಯಲ್ಲಿ, ಬಳ್ಳಾರಿಯಲ್ಲಿ ಪೆಟ್ರೋಲ್ ನೂರು ದಾಟಿತು. ಒಡಿಶಾದ ಮಲ್ಕಾನ್‌ಗಿರಿಯಂಥ ದೂರದ ಜಿಲ್ಲೆಗಳಲ್ಲಿ ಈ ಸಾಗಣೆ ವೆಚ್ಚವನ್ನು 2024ರ ಅಕ್ಟೋಬರ್‌ನಲ್ಲಿ ಸರಿಪಡಿಸಿದಾಗ ಕೆಲವು ಕಡೆ ಲೀಟರಿಗೆ ನಾಲ್ಕು ರೂಪಾಯಿಗೂ ಹೆಚ್ಚು ಇಳಿಯಿತು. ಅಂದರೆ ಅಷ್ಟು ಕಾಲ ಬಡ ಆದಿವಾಸಿ ಜಿಲ್ಲೆಯೊಂದು ಮಹಾನಗರಗಳಿಗಿಂತ ಹೆಚ್ಚು ತೆತ್ತು ಕೂತಿತ್ತು. ಆದರೆ ಸಾಗಣೆಯೇ ಮುಖ್ಯ ಕಾರಣವಾಗಿದ್ದರೆ ದೇಶದಲ್ಲೇ ಅತಿ ದುಬಾರಿ ಇಂಧನ ಅಂಡಮಾನಿನಲ್ಲಿ ಸಿಗಬೇಕಾಗಿತ್ತು. ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಕಡಲು ದಾಟಿ ಹೋಗುವ ಡೀಸೆಲ್ 2024ರಲ್ಲಿ ಅಲ್ಲಿ 78 ರೂಪಾಯಿಯ ಆಸುಪಾಸಿನಲ್ಲಿತ್ತು. ಹೈದರಾಬಾದಿನಲ್ಲಿ ಅದೇ ವರ್ಷ 95 ರೂಪಾಯಿ 65 ಪೈಸೆ. ಅಂಡಮಾನಿನಲ್ಲಿ ತೆರಿಗೆ ಶೇ. 1, ತೆಲಂಗಾಣದಲ್ಲಿ ಶೇ. 27. ಉತ್ತರ ಇಷ್ಟೇ.

ಈ ದರಗಳನ್ನು ಬರೆಯುವುದು ಬಾವಿಯಲ್ಲ, ಹಡಗಲ್ಲ, ಸಹಿ ಎಂಬುದಕ್ಕೆ ದಿಲ್ಲಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 2020ರ ಜೂನ್ 24ರಂದು ದಿಲ್ಲಿಯಲ್ಲಿ ಡೀಸೆಲ್ ದರ ಪೆಟ್ರೋಲ್ ದರವನ್ನು ದಾಟಿತು. ಪೆಟ್ರೋಲ್ 79.76, ಡೀಸೆಲ್ 79.88. ಮೇ ತಿಂಗಳಲ್ಲಿ ಅಲ್ಲಿನ ಸರಕಾರ ಡೀಸೆಲ್ ಮೇಲಿನ ವ್ಯಾಟನ್ನು ಶೇ. 16.75ರಿಂದ ಒಮ್ಮೆಲೇ ಶೇ. 30ಕ್ಕೆ ಏರಿಸಿದ್ದರ ಫಲ ಅದು. ದಿಲ್ಲಿಯ ಬಂಕುಗಳು ಖಾಲಿ ಹೊಡೆದವು, ಅಕ್ಕಪಕ್ಕದ ಉತ್ತರಪ್ರದೇಶ ಹರಿಯಾಣದ ಬಂಕುಗಳಿಗೆ ಸುಗ್ಗಿ. ಜುಲೈ 30ರಂದು ಮತ್ತೆ ಶೇ. 16.75ಕ್ಕೆ ಇಳಿಸಿದರು, ಡೀಸೆಲ್ ಒಂದೇ ಏಟಿಗೆ 8 ರೂಪಾಯಿ 36 ಪೈಸೆ ಇಳಿಯಿತು. ಆ ಅವಧಿಯಲ್ಲಿ ಅರಬ್ ದೇಶದ ಯಾವ ಬಾವಿಯೂ ಬತ್ತಿ ಮತ್ತೆ ತುಂಬಿರಲಿಲ್ಲ.

ಗಡಿಯಲ್ಲಿ ವಾಸಿಸುವವರಿಗೆ ಈ ಸತ್ಯ ಯಾವ ಅರ್ಥಶಾಸ್ತ್ರಜ್ಞನೂ ಹೇಳದೆ ಗೊತ್ತು. ತಲಪಾಡಿಯ ಆಚೆ ಈಚೆ ಒಂದೇ ಮಳೆ, ಒಂದೇ ಮಣ್ಣು, ಒಂದೇ ರಾಷ್ಟ್ರೀಯ ಹೆದ್ದಾರಿ. ಎಂಆರ್‌ಪಿಎಲ್‌ನ ಹೊಗೆ ಕೊಳವೆಗಳಿಂದ ತಲಪಾಡಿಗೆ ಒಂದು ಗಂಟೆಯ ದಾರಿ. ಆದರೆ ಚೆಕ್‌ಪೋಸ್ಟಿನ ಆಚೆಗೆ ಕಾಲಿಟ್ಟ ಕೂಡಲೇ ಡೀಸೆಲ್‌ಗೆ ನಾಲ್ಕಾರು ರೂಪಾಯಿ ಹೆಚ್ಚು. 2021ರಲ್ಲಿ ಕೇಂದ್ರ ಸುಂಕ ಇಳಿಸಿದಾಗ ಕರ್ನಾಟಕ ತನ್ನ ಪಾಲಿನಿಂದಲೂ ಏಳು ರೂಪಾಯಿ ಇಳಿಸಿತು, ಕೇರಳ ಇಳಿಸಲಿಲ್ಲ. ಅದರ ಮೇಲೆ 2023ರ ಏಪ್ರಿಲ್‌ನಿಂದ ಲೀಟರಿಗೆ ಎರಡು ರೂಪಾಯಿ ‘ಸಾಮಾಜಿಕ ಭದ್ರತಾ ಸೆಸ್’ ಹಾಕಿತು. ಕೇಳಲು ಚೆಂದದ ಹೆಸರು. ಕಾಸರಗೋಡಿನ ಕನ್ನಡಿಗರೂ ಮಲೆಯಾಳಿಗಳೂ ಆ ಭದ್ರತೆಯನ್ನು ತಲಪಾಡಿಯ ಈಚೆಗಿನ ಬಂಕುಗಳಲ್ಲಿ ಹುಡುಕಿಕೊಂಡರು. ಇನ್ನೂ ಕೆಳಗೆ ಹೋದರೆ ಮಾಹೆ. ಕಣ್ಣೂರಿಗೂ ಕೋಝಿಕ್ಕೋಡಿಗೂ ನಡುವೆ ಒಂಬತ್ತು ಚದರ ಕಿಲೋಮೀಟರಿನ ಚೂರು ಜಾಗ. ಪುದುಚೇರಿಗೆ ಸೇರಿದ್ದರಿಂದ ಅಲ್ಲಿ ತೆರಿಗೆ ಕಡಿಮೆ, ಲಾರಿಗಳ ಸಾಲು ದೊಡ್ಡದು.

ಉತ್ತರಕ್ಕೆ ಹೋದರೆ ಕಾರವಾರದವರು ಪೋಳೆಂಗೆ ಹೋಗಿ ಟಾಂಕಿ ತುಂಬಿಸಿಕೊಂಡು ಬರುವುದು ಹಳೆಯ ರೂಢಿ. 2012ರ ಏಪ್ರಿಲ್‌ನಲ್ಲಿ ಮನೋಹರ ಪರಿಕ್ಕರ್ ಸರಕಾರ ಗೋವಾದಲ್ಲಿ ಪೆಟ್ರೋಲ್ ಮೇಲಿನ ವ್ಯಾಟನ್ನು ಶೇ. 0.1ಕ್ಕೆ ಇಳಿಸಿ ಲೀಟರಿಗೆ ಹನ್ನೊಂದು ರೂಪಾಯಿಯಷ್ಟು ಅಗ್ಗ ಮಾಡಿದಾಗ ದೇಶವೆಲ್ಲ ಹೊಗಳಿತು. ಆ ಉಡುಗೊರೆ ಪೆಟ್ರೋಲಿಗೆ, ಅಂದರೆ ಸ್ಕೂಟರಿಗೆ, ಕಾರಿಗೆ, ಪ್ರವಾಸಿಯ ಬಾಡಿಗೆ ಬೈಕಿಗೆ. ತರಕಾರಿ ಹೊತ್ತು ಬೆಳಗಾವಿಯಿಂದ ಘಟ್ಟ ಇಳಿಯುವ ಲಾರಿಗಲ್ಲ. ಪಾಕಿಸ್ತಾನದ ಗಡಿಗೆ ಅಂಟಿಕೊಂಡಿರುವ ರಾಜಸ್ಥಾನದ ಶ್ರೀಗಂಗಾನಗರದ ಕತೆ ಇದಕ್ಕೆ ವಿರುದ್ಧ. 2021ರ ಫೆಬ್ರವರಿ 17ರಂದು ಸಾಮಾನ್ಯ ಪೆಟ್ರೋಲ್ ನೂರು ರೂಪಾಯಿ ದಾಟಿದ್ದು ದೇಶದಲ್ಲಿ ಮೊದಲು ಅಲ್ಲಿ. ಪಕ್ಕದ ಪಂಜಾಬಿನಲ್ಲಿ ಅಗ್ಗ.

ಗಡಿ ದಾಟಿ ಅಗ್ಗದ ಇಂಧನ ಹಾಕಿಸಿಕೊಳ್ಳುವವನನ್ನು ನಾವು ದೂರುವುದಿಲ್ಲ. ಆದರೆ ಯಾರಿಗೆ ಅದು ಸಾಧ್ಯ ಎಂಬುದನ್ನು ನೋಡಿ. ಮುನ್ನೂರು ಲೀಟರ್ ಟಾಂಕಿಯ ಲಾರಿ ಇರುವವನು ಕಾಸರಗೋಡಿನ ಬದಲು ಬೆಂಗಳೂರಿನ ದರಕ್ಕೆ ತುಂಬಿಸಿದರೆ 2025ರ ಏಪ್ರಿಲ್‌ನ ಲೆಕ್ಕದಲ್ಲಿ ಸಾವಿರದ ನಾನೂರು ರೂಪಾಯಿಯಷ್ಟು ಉಳಿಸುತ್ತಾನೆ. ನೂರು ಲಾರಿಗಳ ಕಂಪೆನಿಗೆ ಇದು ದಿನಕ್ಕೆ ಲಕ್ಷದ ಮಾತು. ಅವರು ದಾರಿಯ ನಕ್ಷೆಯನ್ನೇ ತೆರಿಗೆ ನೋಡಿ ಬರೆಯುತ್ತಾರೆ. ಊರೊಳಗೆ ಗೂಡ್ಸ್ ಟೆಂಪೊ ಓಡಿಸುವವನು ಇನ್ನೂರು ರೂಪಾಯಿಯ ಡೀಸೆಲ್ ಹಾಕಿಸಲು ಗಡಿಗೆ ಹೋಗುತ್ತಾನೆಯೇ? ಗದಗದ ರೈತ ಬಾಡಿಗೆ ಟ್ರ್ಯಾಕ್ಟರಿಗೆ ಪೋಳೆಂನಿಂದ ಡೀಸೆಲ್ ತರಿಸುತ್ತಾನೆಯೇ? ಪ್ರಾದೇಶಿಕ ವ್ಯತ್ಯಾಸದ ಲಾಭ ಚಕ್ರ ದೊಡ್ಡದಿದ್ದವನಿಗೆ, ನಷ್ಟ ಕಾಲ್ನಡಿಗೆಯವನಿಗೆ. ಕಾಲ್ನಡಿಗೆಯವನು ಡೀಸೆಲ್ ಕೊಳ್ಳುವುದೇ ಇಲ್ಲವಲ್ಲ ಎನ್ನಬೇಡಿ. ಅವನು ದಿನಾ ಕೊಳ್ಳುತ್ತಾನೆ, ಈರುಳ್ಳಿಯ ರೂಪದಲ್ಲಿ, ಬಂಗುಡೆ ಮೀನಿನ ರೂಪದಲ್ಲಿ, ಖಾಸಗಿ ಬಸ್ಸಿನ ಟಿಕೆಟ್ಟಿನ ರೂಪದಲ್ಲಿ.

ಪೆಟ್ರೋಲನ್ನೂ ಡೀಸೆಲನ್ನೂ ಒಂದೇ ಉಸಿರಿನಲ್ಲಿ ಹೇಳುವ ಪತ್ರಿಕೆಗಳ ಅಭ್ಯಾಸದ ಬಗ್ಗೆ ನಮ್ಮ ದೊಡ್ಡ ತಕರಾರು ಇಲ್ಲಿದೆ. ಇವೆರಡೂ ಒಂದೇ ಅಲ್ಲ. 2012ರಲ್ಲಿ ದಿಲ್ಲಿಯಲ್ಲಿ ಪೆಟ್ರೋಲ್ 73 ರೂಪಾಯಿ ದಾಟಿದಾಗ ಡೀಸೆಲ್ 41ರ ಆಸುಪಾಸಿನಲ್ಲಿತ್ತು. ಆ ಅಂತರ ಕಂಡು ಶ್ರೀಮಂತರು ಡೀಸೆಲ್ ಕಾರು ಕೊಂಡರು, ಬಡವರ ಹೆಸರಿನ ಸಬ್ಸಿಡಿಯನ್ನು ದೊಡ್ಡ ಕಾರುಗಳು ಕುಡಿಯುತ್ತಿವೆ ಎಂಬ ಕೂಗು ಎದ್ದಿತು. ಕೂಗಿನಲ್ಲಿ ಸತ್ಯವಿತ್ತು. ಆದರೆ ಸರಕಾರ ಕಾರಿಗೆ ತೆರಿಗೆ ಹಾಕಿ ಸುಮ್ಮನಾಗಲಿಲ್ಲ. 2013ರಿಂದ ತಿಂಗಳಿಗೆ ಐವತ್ತು ಪೈಸೆಯಂತೆ ಏರಿಸುತ್ತಾ ಬಂದು 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ದರವನ್ನು ಮಾರುಕಟ್ಟೆಗೆ ಬಿಟ್ಟುಕೊಟ್ಟಿತು. ಬೆಲೆಯನ್ನು ಬಿಟ್ಟಿತು, ತೆರಿಗೆಯನ್ನು ಬಿಡಲಿಲ್ಲ. ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿದ ಹಾಗೆ ಕಾರಿನವನ ಮೇಲಿನ ಕೋಪ ಬಸ್ಸಿನ ಮೇಲೆ ಬಿತ್ತು.

ಡೀಸೆಲ್‌ನ ತೆರಿಗೆ ಮರಳಿ ಸಿಗುವ ತೆರಿಗೆಯೂ ಅಲ್ಲ. ಜಿಎಸ್‌ಟಿ ಇರುವ ಸರಕಿನಲ್ಲಿ ವ್ಯಾಪಾರಿ ತಾನು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಮಾರುವಾಗಿನ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಡೀಸೆಲ್‌ನಲ್ಲಿ ಹಾಗಿಲ್ಲ. ಕೇಂದ್ರದ ಸುಂಕ ಸೇರಿದ ಮೊತ್ತದ ಮೇಲೆ ರಾಜ್ಯ ಶೇಕಡಾವಾರು ತೆರಿಗೆ ಹಾಕುತ್ತದೆ, ಅಂದರೆ ತೆರಿಗೆಯ ಮೇಲೆ ತೆರಿಗೆ. ಅದು ಬಾಡಿಗೆಯಲ್ಲಿ ಸೇರುತ್ತದೆ, ಬಾಡಿಗೆ ಮಂಡಿಯ ದರದಲ್ಲಿ, ಮಂಡಿಯ ದರ ಬೀದಿಯ ತಳ್ಳುಗಾಡಿಯಲ್ಲಿ. ಎಲ್ಲೂ ಹೊರಗೆ ಬಾರದೆ ಕೊನೆಗೆ ಚೀಲ ಹಿಡಿದು ನಿಂತ ಹೆಂಗಸಿನ ಕೈಗೆ ಬರುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿ ಪ್ರಯೋಜನವಿಲ್ಲ ಎನ್ನುತ್ತಾರೆ, ಆ ಹೆಂಗಸಿಗೆ ಸುಂಕದವನು ಯಾರೆಂದೇ ಕಾಣುವುದಿಲ್ಲ. ಅವಳು ಜಗಳಾಡುವುದು ತಳ್ಳುಗಾಡಿಯವನ ಜತೆ.

ಡೀಸೆಲ್ ಯಾರ ಕೈಗೆ ಹೋಗುತ್ತದೆ ಎಂದು ನೋಡಿ ತೆರಿಗೆ ಹಾಕುವುದು ಆಗದ ಕೆಲಸ ಎಂದು ಅಧಿಕಾರಿಗಳು ಹೇಳಬಹುದು. ಆದರೆ ನಮ್ಮ ಕರಾವಳಿಯಲ್ಲೇ ಅದು ನಡೆಯುತ್ತಿದೆ. ಮಂಗಳೂರು, ಮಲ್ಪೆಗಳ ಯಾಂತ್ರೀಕೃತ ಮೀನುಗಾರಿಕಾ ದೋಣಿಗಳಿಗೆ ರಾಜ್ಯದ ಮಾರಾಟ ತೆರಿಗೆ ಇಲ್ಲದ ಡೀಸೆಲ್ ಕೊಡುವ ವ್ಯವಸ್ಥೆಯಿದೆ. 2023ರ ಜುಲೈ ಬಜೆಟ್ಟಿನಲ್ಲಿ ಅದರ ಮಿತಿಯನ್ನು ಒಂದೂವರೆ ಲಕ್ಷದಿಂದ ಎರಡು ಲಕ್ಷ ಕಿಲೋಲೀಟರಿಗೆ ಏರಿಸಿದ್ದೂ ಇದೇ ಸರಕಾರ. ಕಡಲಿಗೆ ಹೋಗುವ ಡೀಸೆಲ್ ಬೇರೆ, ಮೋಜಿಗೆ ಹೋಗುವ ಡೀಸೆಲ್ ಬೇರೆ ಎಂದು ದಕ್ಕೆಯಲ್ಲಿ ಒಪ್ಪಿಕೊಂಡವರು ಬಸ್ ಡಿಪೋದಲ್ಲಿ ಏಕೆ ಒಪ್ಪಿಕೊಳ್ಳಬಾರದು? ಶಕ್ತಿ ಯೋಜನೆಯಲ್ಲಿ ಹೆಂಗಸರು ಉಚಿತವಾಗಿ ಓಡಾಡುತ್ತಿದ್ದಾರೆ, ಅದಕ್ಕೇ ತೆರಿಗೆ ಏರಿದೆ ಎಂದು ಮೂಗು ಮುರಿಯುವವರ ಸಾಲಿನಲ್ಲಿ ನಾವಿಲ್ಲ. ಕೂಲಿಗೆ ಹೋಗುವ ಹೆಂಗಸು ಬಸ್ಸಿನಲ್ಲಿ ಕೂತರೆ ರಾಜ್ಯ ಮುಳುಗುವುದಿಲ್ಲ. ನಾವು ಕೇಳುವುದು, ಅವಳನ್ನು ಕೂರಿಸಿಕೊಂಡ ಬಸ್ಸಿನ ಟಾಂಕಿಯಿಂದಲೇ ಆ ಹಣವನ್ನು ಹೀರುವುದು ಯಾವ ಜಾಣತನ ಎಂದು.

ಅದೇ ಏಪ್ರಿಲ್ ಮಧ್ಯದಲ್ಲಿ ರಾಜ್ಯದ ಲಾರಿ ಮಾಲಕರು ಮುಷ್ಕರ ಹೂಡಿದರು, ಕೆಲವು ದಿನಗಳಲ್ಲಿ ಹಿಂತೆಗೆದುಕೊಂಡರು. ಅವರ ಬೇಡಿಕೆಗಳಲ್ಲಿ ಡೀಸೆಲ್ ಇತ್ತು, ಟೋಲ್ ಇತ್ತು, ಗಡಿ ಚೆಕ್‌ಪೋಸ್ಟುಗಳ ಕಾಟವೂ ಇತ್ತು. ಕ್ಲೀನರ್ ಹುಡುಗನ ಬಾಟಾ ಎಷ್ಟು ಎಂಬ ಮಾತು ನಮ್ಮ ಕಿವಿಗೆ ಬೀಳಲಿಲ್ಲ.

ನಮ್ಮ ಬೇಡಿಕೆ ಅದಕ್ಕಿಂತ ಸಣ್ಣದು. ಹೋಟೆಲಿಗೆ ಹೋಗಿ ಒಂದು ಮಸಾಲೆ ದೋಸೆ ತಿಂದರೆ ಬಿಲ್ಲಿನಲ್ಲಿ ಕೇಂದ್ರದ ತೆರಿಗೆ ಇಷ್ಟು, ರಾಜ್ಯದ ತೆರಿಗೆ ಇಷ್ಟು ಎಂದು ಎರಡು ಸಾಲುಗಳಲ್ಲಿ ಬರೆದಿರುತ್ತಾರೆ. ಸಾವಿರ ರೂಪಾಯಿಯ ಡೀಸೆಲ್ ಹಾಕಿಸಿದರೆ ಬಂಕಿನವನು ಕೊಡುವ ಚೀಟಿಯಲ್ಲಿ ಲೀಟರ್, ದರ, ಮೊತ್ತ ಇಷ್ಟೇ. ಅದರ ಕೆಳಗೆ ಇನ್ನೆರಡು ಸಾಲು ಸೇರಿಸಲಿ. ದಿಲ್ಲಿಗೆ ಹೋದದ್ದೆಷ್ಟು, ಬೆಂಗಳೂರಿಗೆ ಹೋದದ್ದೆಷ್ಟು ಎಂದು. ಮುಂದಿನ ಸಲ ಸರಕಾರ ಕಾಸರಗೋಡಿನ ದರ ತೋರಿಸಲು ಬಂದಾಗ ತೋರಿಸಲು ನಮ್ಮ ಕೈಯಲ್ಲೂ ಒಂದು ಚೀಟಿ ಇರುತ್ತದೆ.